ಬಿಲ್ಲಿಲ್ಲದ ಸ್ಪೀಕರು ಮತ್ತು ನಮ್ಮ ಮೌನ

ನಮ್ಮ ಬಳಗದ ಕಳೆದ ವಾರ್ಷಿಕ ಲೆಕ್ಕಪತ್ರದಲ್ಲಿ ‘ಧ್ವನಿ ಸಾಧನಗಳ ದುರಸ್ತಿ ಮತ್ತು ಇತರೆ’ ಎಂಬ ಬಾಬ್ತಿನಡಿ 18,500 ರೂಪಾಯಿ ಖರ್ಚು ತೋರಿಸಲಾಗಿದೆ. ಸಭೆಯಲ್ಲಿ ಯಾರೂ ಪ್ರಶ್ನಿಸಲಿಲ್ಲ. ಲೆಕ್ಕ ಅಂಗೀಕಾರವಾಯಿತು, ಉಪ್ಪಿಟ್ಟು ಕಾಫಿಯಾಯಿತು, ಎಲ್ಲರೂ ಲೋಕಲ್ ಹಿಡಿದು ಮನೆ ಸೇರಿದೆವು. ಆ ಬಾಬ್ತು ಸುಳ್ಳು. ಯಾವ ಸಾಧನವೂ ದುರಸ್ತಿಯಾಗಿಲ್ಲ. ಕಾರ್ಯಕಾರಿ ಸಮಿತಿಯ ನಾವು ಮೂವರು ಆ ಹಣವನ್ನು ರಸ್ತೆಬದಿಯಲ್ಲಿ ಇಬ್ಬರು ವಂಚಕರ ಕೈಗೆ ಎಣಿಸಿಕೊಟ್ಟು ಬಂದಿದ್ದೆವು. ಕೊಟ್ಟದ್ದು ಒಂದು ತಪ್ಪು, ಮುಚ್ಚಿಟ್ಟದ್ದು ಇನ್ನೊಂದು. ಎರಡನೆಯದೇ ದೊಡ್ಡ ತಪ್ಪು ಎಂದು ವಾದಿಸುವುದಕ್ಕಾಗಿ ಇದನ್ನು ಬರೆಯುತ್ತಿದ್ದೇವೆ. ಬರೆಯಕೂಡದೆಂದು ಹೇಳಿದ ಹಿತೈಷಿಗಳಿಗೆ ಉತ್ತರವೂ ಇದರಲ್ಲಿಯೇ ಇದೆ.

ತಿಂಗಳಿಗೊಮ್ಮೆ ನಡೆಯುವ ನಮ್ಮ ಆಲಿಸುವ ಕೂಟವನ್ನು ಬಲ್ಲವರು ಬಲ್ಲಿರಿ. ಮಲ್ಲಿಕಾರ್ಜುನ ಮನ್ಸೂರರ ವಚನಗಾಯನ, ಕಾಳಿಂಗರಾಯರ ಭಾವಗೀತೆ, ಸದಸ್ಯರ ಮನೆಯ ಹಳೆಯ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಗಮಕವಾಚನ, ಇವುಗಳನ್ನು ಇಪ್ಪತ್ತು ಇಪ್ಪತ್ತೈದು ಮಂದಿ ಕುಳಿತು ಕೇಳುವ ಕೂಟ ಅದು. ಇದ್ದ ಸ್ಪೀಕರು ಗೊರಗೊರ ಎನ್ನತೊಡಗಿದ್ದರಿಂದ ಹೊಸದನ್ನು ಕೊಳ್ಳಲು ಸಮಿತಿ ಒಪ್ಪಿತ್ತು. ಅಕ್ಟೋಬರಿನ ಒಂದು ಭಾನುವಾರ, ರಾಜ್ಯೋತ್ಸವಕ್ಕೆ ಸಭಾಂಗಣ ನೋಡಿಕೊಂಡು ಮರಳುವಾಗ, ಠಾಣೆಯ ಘೋಡ್‌ಬಂದರ್ ರಸ್ತೆಯ ಪೆಟ್ರೋಲ್ ಪಂಪೊಂದರಲ್ಲಿ ನಾವು ಇದೇ ವಿಷಯವನ್ನು ಮಾತಾಡುತ್ತ ನಿಂತಿದ್ದೆವು. ಪಕ್ಕದಲ್ಲಿ ಒಂದು ಬಿಳಿ ವ್ಯಾನು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಯುವಕನೊಬ್ಬ ಹತ್ತಿರ ಬಂದ.

“ಸರ್, ಕನ್ನಡದವ್ರಾ? ಯಾವೂರು ನಿಮ್ದು?”

“ಸಾಗರದ ಕಡೆ” ಎಂದರು ನಮ್ಮಲ್ಲೊಬ್ಬರು.

“ಅಯ್ಯೋ, ನಮ್ಮಮ್ಮನ ತವರು ಅಲ್ಲೇ ಸರ್, ಹೊಸನಗರದ ಹತ್ರ!”

ಮುಂದಿನದು ಅರ್ಧ ಗಂಟೆಯ ಕೆಲಸ. ದೊಡ್ಡ ಹೋಟೆಲೊಂದಕ್ಕೆ ಎಂಟು ಜೊತೆ ಸ್ಪೀಕರು ತಲುಪಿಸಲು ಬಂದರಂತೆ. ಗೋದಾಮಿನವರು ಕಣ್ತಪ್ಪಿನಿಂದ ಹತ್ತು ಜೊತೆ ಏರಿಸಿದ್ದಾರಂತೆ. ಬಿಲ್ಲಿರುವುದು ಎಂಟಕ್ಕೆ. ಉಳಿದೆರಡನ್ನು ಮರಳಿಸಿದರೆ ಮ್ಯಾನೇಜರ್ ನುಂಗುತ್ತಾನೆ, ಅದಕ್ಕಿಂತ ನಮ್ಮೂರಿನವರಿಗೆ ಹೋಗಲಿ ಎಂದು ಆತನ ಆಸೆಯಂತೆ. ಕೈಗೆ ಒಂದು ಹೊಳೆಯುವ ಕೈಪಿಡಿ ಕೊಟ್ಟ. ಹೆಸರುವಾಸಿ ವಿದೇಶಿ ಕಂಪನಿಯ ಹೆಸರನ್ನು ನೆನಪಿಸುವ, ಒಂದೇ ಅಕ್ಷರ ಬೇರೆಯಾದ ಹೆಸರು. ಬೆಲೆ 1,24,000 ರೂಪಾಯಿ. ಆತ ಕೇಳಿದ್ದು 45,000. ಚೌಕಾಶಿ ಮಾಡಿ 18,500ಕ್ಕೆ ಇಳಿಸಿದೆವು. ನಗದೇ ಬೇಕೆಂದ. ಎಟಿಎಮ್ಮಿನವರೆಗೆ ತನ್ನ ವ್ಯಾನಿನಲ್ಲೇ ಕರೆದೊಯ್ದ.

ಆ ತಿಂಗಳ ಕೂಟದಲ್ಲಿ ಮನ್ಸೂರರ ದನಿ ತಗಡಿನ ಡಬ್ಬಿಯೊಳಗಿಂದ ಬಂದಂತೆ ಬಂತು. ಲ್ಯಾಮಿಂಗ್ಟನ್ ರಸ್ತೆಯ ರಿಪೇರಿಯವರು ಪೆಟ್ಟಿಗೆ ಬಿಚ್ಚಿ ತೋರಿಸಿದರು. ಮುಂಭಾಗದಲ್ಲಿ ಕಾಣುತ್ತಿದ್ದ ಮೂರು ದುಂಡನೆಯ ಮುಖಗಳಲ್ಲಿ ಒಂದಕ್ಕೆ ಮಾತ್ರ ತಂತಿಯಿತ್ತು. ಉಳಿದೆರಡು ಬರಿಯ ಪ್ಲಾಸ್ಟಿಕ್ಕು. ಅಯಸ್ಕಾಂತ ಹಳೆಯ ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ಎತ್ತಿದರೆ ಭಾರವೆನಿಸಲೆಂದು ತಳದಲ್ಲಿ ಸಿಮೆಂಟಿನ ತುಂಡೊಂದನ್ನು ಅಂಟಿಸಿದ್ದರು. “ಆಂಪ್ಲಿಫಯರ್ ಸೇರಿ ಎರಡೂವರೆ ಮೂರು ಸಾವಿರ ಬಾಳೀತು” ಎಂದು ಅವರು ಮತ್ತೆ ಸ್ಕ್ರೂ ಬಿಗಿದರು.

ಈ ಕಥೆ ಹೊಸದಲ್ಲ. ಅಮೆರಿಕದಲ್ಲಿ 1980ರ ದಶಕದಿಂದಲೂ ನಡೆದುಬಂದ, ಬಳಿಕ ಕೆನಡಾ, ಬ್ರಿಟನ್, ಆಸ್ಟ್ರೇಲಿಯಗಳಿಗೂ ಹಬ್ಬಿದ ಈ ಮೋಸಕ್ಕೆ ‘ಬಿಳಿ ವ್ಯಾನಿನ ಸ್ಪೀಕರ್’ ಎಂಬ ಹೆಸರೇ ನಿಂತುಬಿಟ್ಟಿದೆ. ಅಲ್ಲಿಯೂ ಇದೇ ವ್ಯಾನು, ಇದೇ ಗೋದಾಮಿನ ಕಣ್ತಪ್ಪು, ಇದೇ ಹೊಳೆಯುವ ಕೈಪಿಡಿ, ಇದೇ ನಗದು. ನಮ್ಮ ಪಾಲಿಗೆ ಅದಕ್ಕೆ ಸೇರಿದ ಹೊಸ ಭಾಗ ಒಂದೇ, ‘ಯಾವೂರು ನಿಮ್ದು?’ ಎಂಬ ಪ್ರಶ್ನೆ.

ನಮ್ಮನ್ನು ಮೂರ್ಖರೆನ್ನುವವರಿಗೆ ಸಾಕಷ್ಟು ಆಧಾರವನ್ನು ನಾವೇ ಒದಗಿಸುತ್ತೇವೆ. ಪೆಟ್ಟಿಗೆಯ ಮೇಲೆ ‘5000 ವ್ಯಾಟ್ ಪಿಎಂಪಿಓ’ ಎಂದು ಅಚ್ಚಾಗಿತ್ತು. ಅದರ ಪ್ಲಗ್ಗು ಮನೆಯ ಸಾಮಾನ್ಯ 6 ಆಂಪಿಯರಿನದು. 230 ವೋಲ್ಟನ್ನು 6ರಿಂದ ಗುಣಿಸಿದರೆ 1380 ವ್ಯಾಟ್. ಗೋಡೆಯಿಂದ ಅಷ್ಟನ್ನೂ ಹೀರಿದರೂ 5000 ವ್ಯಾಟಿನ ದನಿಯನ್ನು ಎಡೆಬಿಡದೆ ಹೊರಡಿಸುವುದು ಯಾವ ಯಂತ್ರಕ್ಕೂ ಸಾಧ್ಯವಿಲ್ಲ. ಪಿಎಂಪಿಓ ಎಂಬ ಅಳತೆಗೆ ಎಲ್ಲರೂ ಒಪ್ಪಿದ ವ್ಯಾಖ್ಯೆಯೇ ಇಲ್ಲ. ತಯಾರಕ ತನಗೆ ತೋಚಿದ ಸಂಖ್ಯೆಯನ್ನು ಬರೆದುಕೊಳ್ಳುತ್ತಾನೆ. ಕೇಳಬೇಕಾದದ್ದು ಆರ್‌ಎಂಎಸ್ ಆಧಾರದ ವ್ಯಾಟು, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿ. ಇಂಥ ಉತ್ಪ್ರೇಕ್ಷೆ ಮಿತಿಮೀರಿದ್ದರಿಂದಲೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಮನೆಬಳಕೆಯ ಆಂಪ್ಲಿಫಯರುಗಳ ಶಕ್ತಿಯನ್ನು ಹೇಗೆ ಅಳೆದು ಹೇಳಬೇಕೆಂದು ನಿಯಮ ಮಾಡಬೇಕಾಯಿತು. ಇದನ್ನೆಲ್ಲ ಈಗ ಬರೆಯುತ್ತಿರುವ ನಮ್ಮಲ್ಲೊಬ್ಬರು ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವರು. ಇನ್ನೊಬ್ಬರು ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಜರಡಿ ಹಿಡಿದವರು. ಪೆಟ್ರೋಲ್ ಪಂಪಿನಲ್ಲಿ ಇಬ್ಬರಿಗೂ ತಮ್ಮ ವಿದ್ಯೆ ನೆನಪಾಗಲಿಲ್ಲ.

ಕೈಪಿಡಿಯ ಬೆಲೆಯದೂ ಇದೇ ಹಾಡು. ಎಂಆರ್‌ಪಿ ಎಂದರೆ ಸರಕಾರ ತೂಗಿನೋಡಿ ಕಟ್ಟಿದ ಬೆಲೆಯೆಂದು ನಮ್ಮಲ್ಲಿ ಅನೇಕರು ಭಾವಿಸುತ್ತಾರೆ. ಅದನ್ನು ಅಚ್ಚು ಹಾಕುವವನು ತಯಾರಕ ಅಥವಾ ಆಮದುದಾರ. ಅದಕ್ಕಿಂತ ಹೆಚ್ಚಿಗೆ ಮಾರಕೂಡದೆಂದು ಕಾನೂನು ಹೇಳುತ್ತದೆ. ಇಂಥ ಸರಕಿಗೆ ಅದನ್ನು ಎಷ್ಟು ಎತ್ತರದಲ್ಲಿ ಅಚ್ಚು ಹಾಕಬಹುದೆಂಬುದಕ್ಕೆ ಮಿತಿಯಿಲ್ಲ. ಮೂರು ಸಾವಿರದ ವಸ್ತುವಿನ ಮೇಲೆ ಲಕ್ಷದ ಸಂಖ್ಯೆ ಬರೆದವನು ಮೋಸದ ಮುಕ್ಕಾಲು ಪಾಲನ್ನು ಅಲ್ಲಿಯೇ ಮುಗಿಸಿರುತ್ತಾನೆ. ಉಳಿದ ಕಾಲು ಪಾಲು ಚೌಕಾಶಿಯದು, ಅದನ್ನು ನಾವೇ ಅವನ ಪರವಾಗಿ ನಡೆಸಿಕೊಡುತ್ತೇವೆ. ನಮ್ಮ ಪೀಳಿಗೆಗೆ ಇನ್ನೊಂದು ದೌರ್ಬಲ್ಯವೂ ಉಂಟು. 1991ಕ್ಕೆ ಮುಂಚೆ ಈ ನಗರಕ್ಕೆ ಬಂದವರು ನಾವು. ಆಮದಿನ ಮೇಲೆ ಸುಂಕ, ಪರವಾನಗಿಗಳ ಬೇಲಿಯಿದ್ದ ಆ ಕಾಲದಲ್ಲಿ ‘ಫಾರಿನ್ ಮಾಲು’ ಬೇಕೆಂದರೆ ಹಿಂಬಾಗಿಲಲ್ಲೇ ಹುಡುಕಬೇಕಿತ್ತು, ಬಿಲ್ಲು ಕೇಳುವುದೇ ಅಸಭ್ಯತೆಯೆನಿಸುತ್ತಿತ್ತು. ಬೇಲಿ ಹೋಗಿ ಮೂವತ್ತು ವರ್ಷ ದಾಟಿದರೂ ಹಿಂಬಾಗಿಲ ಸರಕೇ ಅಸಲಿ ಸರಕೆಂಬ ನಂಬಿಕೆ ನಮ್ಮೊಳಗೆ ಹಾಗೆಯೇ ಕುಳಿತಿದೆ.

ಇಷ್ಟು ಒಪ್ಪಿಕೊಂಡ ಮೇಲೆ, ನಮ್ಮ ಹಿತೈಷಿಗಳ ಮಾತಿಗೆ ಬರೋಣ.

ಮೊದಲ ಮಾತು: ‘ಅತಿಯಾಸೆ ಗತಿಗೇಡು’. ವಿಷಯ ಕೇಳಿದ ಇಬ್ಬರು ಮೂವರೂ ಇದೇ ಗಾದೆಯನ್ನು ಹೇಳಿದರು. ಈ ಗಾದೆಯ ಮೇಲೆ ನಮ್ಮ ತಕರಾರಿದೆ. ಆಸೆ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಅದಕ್ಕಿಂತ ಕೆಟ್ಟದ್ದೇ ಇತ್ತು. ಆ ಯುವಕನ ಕಥೆ ನಿಜವೇ ಆಗಿದ್ದರೆ ನಾವು ಕೊಳ್ಳಲು ಒಪ್ಪಿದ್ದು ಒಂದು ಕಂಪನಿಯ ಗೋದಾಮಿನಿಂದ ಲೆಕ್ಕ ತಪ್ಪಿಸಿ ಬಂದ ಮಾಲನ್ನು. ಕದ್ದ ವಸ್ತುವೆಂಬುದು ಗೊತ್ತಿದ್ದೂ, ‘ಕಣ್ತಪ್ಪು’ ಎಂಬ ಪದದ ಕೆಳಗೆ ಅದನ್ನು ಅಡಗಿಸಿಟ್ಟುಕೊಂಡು, ಸಾಹಿತ್ಯ ಬಳಗದ ಹಣದಿಂದ ಕೊಂಡೆವು. ಇದೇ ಈ ಮೋಸದ ಬೀಗ. ಕಥೆಯೊಳಗೆ ಸಣ್ಣದೊಂದು ಕಳ್ಳತನವನ್ನು ಇಟ್ಟು, ಅದರಲ್ಲಿ ನಮ್ಮನ್ನು ಪಾಲುದಾರರನ್ನಾಗಿ ಮಾಡಿಬಿಟ್ಟರೆ, ನಾವು ಪೊಲೀಸರ ಬಳಿಗೂ ಹೋಗುವುದಿಲ್ಲ, ಸ್ನೇಹಿತರ ಬಳಿಯೂ ಬಾಯಿ ಬಿಡುವುದಿಲ್ಲ. ಗಾದೆ ಮಾಡುವುದೂ ಇದೇ ಕೆಲಸವನ್ನು. ಮೋಸ ಹೋದವನ ತಲೆಯನ್ನು ಇನ್ನಷ್ಟು ತಗ್ಗಿಸಿ, ಮೋಸ ಮಾಡಿದವನ ಕಡೆಗೆ ಯಾರೂ ನೋಡದಂತೆ ಮಾಡುತ್ತದೆ. ವಂಚಕ ಹಾಕಿದ ಬೀಗಕ್ಕೆ ನೆರೆಹೊರೆಯವರು ಮೇಣ ಮೆತ್ತಿದಂತೆ.

ಎರಡನೆಯ ಮಾತು: ‘ಹೊರಗೆ ತಿಳಿದರೆ ಬಳಗದ ಮಾನ ಹೋಗುತ್ತದೆ, ಕನ್ನಡದವನೇ ಕನ್ನಡದವರಿಗೆ ಮೋಸ ಮಾಡಿದನೆಂದು ಜನ ಆಡಿಕೊಳ್ಳುತ್ತಾರೆ’. ಈ ಮಾತಿಗೆ ನಾವು ಐದು ತಿಂಗಳು ತಲೆಬಾಗಿದ್ದೆವು. ಲೆಕ್ಕಪತ್ರದ ಸುಳ್ಳು ಹುಟ್ಟಿದ್ದು ಇದರಿಂದಲೇ. ಆ ಐದು ತಿಂಗಳ ಬೆಲೆ ಏನೆಂಬುದು ಮಾರ್ಚಿಯಲ್ಲಿ ತಿಳಿಯಿತು. ಕೂಟಕ್ಕೆ ಒಮ್ಮೆಯೂ ತಪ್ಪದೆ ಬರುತ್ತಿದ್ದ ಹಿರಿಯ ಸದಸ್ಯೆಯೊಬ್ಬರು ಎರಡು ಸಲ ಬರಲಿಲ್ಲ. ವಿಚಾರಿಸಲು ಮನೆಗೆ ಹೋದಾಗ ಹಾಲಿನ ಮೂಲೆಯಲ್ಲಿ ನಮಗೆ ಚೆನ್ನಾಗಿ ಪರಿಚಯವಿದ್ದ ಪೆಟ್ಟಿಗೆಗಳು ಬಟ್ಟೆ ಹೊದ್ದು ನಿಂತಿದ್ದವು. ಅವರ ವಸತಿ ಸಂಕೀರ್ಣದ ಗೇಟಿನ ಬಳಿ, “ಅಮ್ಮಾ, ಯಾವೂರು ನಿಮ್ದು?” ಎಂದೇ ಮಾತು ಶುರುವಾಗಿತ್ತು. ಅದೇ ಕೈಪಿಡಿ. ಅವರು ಕೊಟ್ಟದ್ದು 26,000. ಪಿಂಚಣಿಯ ಹಣ. ಮನೆಯಲ್ಲೇ ಗಮಕ ಕೇಳಬೇಕೆಂಬ ಆಸೆಯಿಂದ ಕೊಂಡಿದ್ದರು. ಮಗ ಬೈದನೆಂದೂ, ಬಳಗದವರಿಗೆ ತಿಳಿದರೆ ನಗುತ್ತಾರೆಂದು ಕೂಟಕ್ಕೆ ಬರಲಿಲ್ಲವೆಂದೂ ಹೇಳಿದರು. ಅಕ್ಟೋಬರಿನಲ್ಲೇ ನಾವು ಬಾಯಿ ಬಿಟ್ಟಿದ್ದರೆ ಆ ಗೇಟಿನ ಬಳಿ ಅವರು ಕೈಪಿಡಿಯನ್ನು ಕಂಡಕೂಡಲೇ ಗುರುತಿಸುತ್ತಿದ್ದರು. ಅವರ 26,000 ರೂಪಾಯಿಯನ್ನು ಕಳೆದದ್ದು ವ್ಯಾನಿನವರು ಮಾತ್ರವಲ್ಲ. ಬಳಗದ ಮಾನ ಕಾಯುತ್ತಿದ್ದ ನಮಗೂ ಅದರಲ್ಲಿ ಪಾಲಿದೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇವೆ.

ಹಾಗಾದರೆ ಹೊರನಾಡಿನಲ್ಲಿ ಕನ್ನಡ ಮಾತಾಡಿದವರನ್ನೆಲ್ಲ ಅನುಮಾನಿಸಬೇಕೇ? ಖಂಡಿತ ಬೇಡ. ಈ ನಗರದಲ್ಲಿ ಕನ್ನಡಿಗರು ನೆಲೆಯೂರಿದ್ದೇ ನಂಬಿಕೆಯ ಮೇಲೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದ ಹುಡುಗರಿಗೆ ಮಲಗಲು ಜಾಗ ಕೊಟ್ಟವರು, ಕೆಲಸಕ್ಕೆ ಮಾತು ಹೇಳಿದವರು ಊರಿನವರೇ. ಆದರೆ ಆ ಹಿರಿಯರ ಪದ್ಧತಿಯನ್ನು ನಾವು ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದೇವೆ. ‘ಯಾವೂರು?’ ಎಂಬುದು ಅವರ ಮೊದಲ ಪ್ರಶ್ನೆ. ‘ಯಾರ ಮನೆಯವನು? ಯಾರು ಕಳಿಸಿದ್ದು? ಇಲ್ಲಿ ಯಾರಿಗೆ ಗೊತ್ತು?’ ಎಂಬುವು ಅದರ ಹಿಂದೆಯೇ ಬರುತ್ತಿದ್ದವು. ಹೆಸರು ಹೇಳಿದ ಪರಿಚಯಸ್ಥರು ಹುಡುಗನಿಗೆ ಹೊಣೆಯಾಗುತ್ತಿದ್ದರು. ಪೆಟ್ರೋಲ್ ಪಂಪಿನಲ್ಲಿ ಪ್ರಶ್ನೆ ಕೇಳಿದವನು ಅವನು. ಉತ್ತರ ಕೊಟ್ಟು ಕರಗಿದವರು ನಾವು. ಹೊಸನಗರದ ಹತ್ತಿರದ ಯಾವ ಊರೆಂದು ಕೂಡ ನಾವು ಕೇಳಲಿಲ್ಲ. ತಾಯಿನುಡಿಗೆ ಹಸಿದ ಕಿವಿಗೆ ಎರಡು ವಾಕ್ಯವೇ ಸಾಕಾಗಿತ್ತು. ಆ ಹಸಿವಿಗೆ ನಾವು ನಾಚುವುದಿಲ್ಲ. ಅದನ್ನು ಬಂಡವಾಳ ಮಾಡಿಕೊಂಡವನೇ ನಾಚಬೇಕು, ಅವನ ಹೆಸರು ಹೇಳಲಾಗದಿದ್ದರೂ ಅವನ ಪಾಠವನ್ನಾದರೂ ಎಲ್ಲರಿಗೂ ಒಪ್ಪಿಸಬೇಕು.

ಮೂರನೆಯ ಮಾತು: ‘ಬಿಲ್ಲಿಲ್ಲ, ವಿಳಾಸವಿಲ್ಲ, ದೂರು ಕೊಟ್ಟು ಏನು ಪ್ರಯೋಜನ?’ ಹಣ ಮರಳುವ ಭರವಸೆ ನಮಗೂ ಇಲ್ಲ. ಆದರೂ ಬಿಲ್ಲಿಲ್ಲದಿರುವುದು ನಮ್ಮ ಬಾಯಿ ಮುಚ್ಚಿಸುವ ಕಾರಣವಾಗಬಾರದು. ಬಿಲ್ಲು ಕೊಡದಿರುವುದನ್ನೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಿದೆ. ಸುಳ್ಳು ಹೇಳಿ ಹಣ ಕೀಳುವುದು ಹಿಂದೆ ದಂಡಸಂಹಿತೆಯ 420ನೇ ಕಲಮಿನಡಿ ಅಪರಾಧವಾಗಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ ಅಪರಾಧ. ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಒಬ್ಬರ ದೂರು ಕಡತದಲ್ಲಿ ಮಲಗಬಹುದು. ಒಂದೇ ವ್ಯಾನು, ಒಂದೇ ಕೈಪಿಡಿಯ ಬಗೆಗೆ ಹತ್ತು ದೂರುಗಳು ಬಂದರೆ ಯಾರಾದರೂ ಕಣ್ಣೆತ್ತಿ ನೋಡಬೇಕಾಗುತ್ತದೆ. ಆ ಹತ್ತರಲ್ಲಿ ಮೊದಲ ಎರಡನ್ನು, ನಮ್ಮದನ್ನೂ ಆ ಸದಸ್ಯೆಯದನ್ನೂ, ಈ ತಿಂಗಳು ಲಿಖಿತವಾಗಿ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆದಿದ್ದೇವೆ. ಗೋದಾಮಿನ ಕಥೆಯನ್ನೂ ಅದಕ್ಕೆ ನಾವು ತಲೆಯಾಡಿಸಿದ್ದನ್ನೂ ಅದರಲ್ಲಿ ಮರೆಮಾಚಿಲ್ಲ.

ಇನ್ನು ಬಳಗದ ಲೆಕ್ಕ. 18,500 ರೂಪಾಯಿಯನ್ನು ನಾವು ಮೂವರೂ ಸಮನಾಗಿ ಹಂಚಿಕೊಂಡು ಬಳಗದ ಖಾತೆಗೆ ತುಂಬಿದ್ದೇವೆ. ಅಷ್ಟರಿಂದ ಲೆಕ್ಕಪತ್ರದ ಸುಳ್ಳು ಅಳಿಯುವುದಿಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಆ ಬಾಬ್ತನ್ನು ತೆಗೆದು, ‘ವಂಚನೆಯಿಂದಾದ ನಷ್ಟ’ ಎಂದು ಬರೆಯುವ ತಿದ್ದುಪಡಿಯನ್ನು ನಾವೇ ಮಂಡಿಸುತ್ತೇವೆ. ಸಮಿತಿಯಿಂದ ಇಳಿಯಬೇಕೆಂದು ಸಭೆ ಹೇಳಿದರೆ ಇಳಿಯುತ್ತೇವೆ.

ಮುಂದಿನ ಆಲಿಸುವ ಕೂಟದಲ್ಲಿ ಆ ಪೆಟ್ಟಿಗೆಯನ್ನು ಬಿಚ್ಚಿ, ಸಿಮೆಂಟಿನ ತುಂಡು ಕಾಣುವಂತೆ, ಕೈಪಿಡಿಯ ಸಮೇತ ಮೇಜಿನ ಮೇಲೆ ಇಡುತ್ತೇವೆ. ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಗೆಳೆಯರೇ, ನಿಮ್ಮ ಮನೆಯ ಮೂಲೆಯಲ್ಲಿಯೂ ಇಂಥದೊಂದು ಪೆಟ್ಟಿಗೆ ಬಟ್ಟೆ ಹೊದ್ದು ನಿಂತಿದ್ದರೆ, ಬಟ್ಟೆ ತೆಗೆಯಿರಿ, ನಾಲ್ಕು ಜನರಿಗೆ ತೋರಿಸಿರಿ. ನಮ್ಮ ಹಿರಿಯ ಸದಸ್ಯೆ ಈ ಸಲ ಕೂಟಕ್ಕೆ ಬರುವುದಾಗಿ ಹೇಳಿದ್ದಾರೆ. ಹೊಸ ಸ್ಪೀಕರು ಇನ್ನೂ ಕೊಂಡಿಲ್ಲ. ಸದ್ಯಕ್ಕೆ ಗೊರಗೊರ ಎನ್ನುವ ಹಳೆಯದರಲ್ಲೇ ಮನ್ಸೂರರನ್ನು ಕೇಳುತ್ತೇವೆ.