ತಕ್ಕಡಿಗೆ ಮುದ್ರೆಯುಂಟು, ಶಾಲೆಯ ಗೋಡೆಗೆ?

ಅಂಗಡಿಯ ತಕ್ಕಡಿಗೆ ಸರಕಾರದ ಮುದ್ರೆ ಬೇಕು. ಇಲ್ಲವಾದರೆ ಇನ್‌ಸ್ಪೆಕ್ಟರು ದಂಡ ಹಾಕುತ್ತಾರೆ. ಪರೀಕ್ಷೆಯಾಗಿ ಪ್ರಮಾಣಪತ್ರ ಸಿಗದ ಹೊರತು ಗಿರಣಿಯ ಬಾಯ್ಲರಿಗೆ ಬೆಂಕಿ ಹಾಕಬಾರದೆಂದು 1923ರಲ್ಲೇ ಕಾನೂನಾಯಿತು. ಎರಡೂ ಸರಿಯೇ, ನಮ್ಮ ತಕರಾರಿಲ್ಲ. ಆದರೆ ಕಾರ್ಮಿಕನ ಮಗು, ಚಿಲ್ಲರೆ ವ್ಯಾಪಾರಿಯ ಮಗು ದಿನವಿಡೀ ಒರಗಿ ಕೂಡುವ ಶಾಲೆಯ ಗೋಡೆಗೆ ಯಾರ ಮುದ್ರೆ? ಕಟ್ಟಿಸುವ ಇಲಾಖೆಯವರೇ ಅಳೆಯುತ್ತಾರೆ, ಬಿಲ್ಲಿಗೂ ಅವರೇ ರುಜು ಹಾಕುತ್ತಾರೆ. ಮಂತ್ರಿಗಳು ಬಂದು ರಿಬ್ಬನ್ ಕತ್ತರಿಸುತ್ತಾರೆ.

ಗೋಡೆ ಬಿದ್ದಾಗ ಮಾತ್ರ ದೊಡ್ಡವರಿಗೆ ಬಾಯಿಲ್ಲದ ಅಪರಾಧಿಯೊಬ್ಬ ಸಿಗುತ್ತಾನೆ. "ಕಲ್ಲಿನ ಗೋಡೆ, ಹಳೆಯದು, ಏನು ಮಾಡೋಣ?" ಎನ್ನುತ್ತಾರೆ. ಇದನ್ನು ನಾವು ಒಪ್ಪುವುದಿಲ್ಲ.

ಕಲ್ಲು, ಇಟ್ಟಿಗೆಗಳು ಮೇಲಿನ ಭಾರವನ್ನು ಚೆನ್ನಾಗಿ ಹೊರುತ್ತವೆ. ಅಡ್ಡ ತಳ್ಳಿದರೆ ತಡೆಯಲಾರವು. ಇದು ಯಾವ ಮೇಸ್ತ್ರಿಗೆ ಗೊತ್ತಿಲ್ಲ? ಅದಕ್ಕೆ ಮದ್ದೂ ಇದೆ. ಬಾಗಿಲು ಕಿಟಕಿಗಳ ನೆತ್ತಿಯ ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತಿ ಬರುವ, ಕಬ್ಬಿಣದ ಸರಳಿಟ್ಟ ಕಾಂಕ್ರೀಟ್ ಪಟ್ಟಿ. ಮೂಲೆಗಳಲ್ಲಿ ನಿಲ್ಲಿಸಿದ ಸರಳು. ಕಲ್ಲುಗೋಡೆಯಾದರೆ ಒಳಮೈಯಿಂದ ಹೊರಮೈಗೆ ದಾಟುವ ಉದ್ದ ಕಲ್ಲುಗಳು. ಹದವಾದ ಸಿಮೆಂಟ್ ಗಾರೆ, ಅದಕ್ಕೆ ಕನಿಷ್ಠ ಏಳು ದಿನ ನೀರು. ಐ.ಎಸ್. 4326, 13828 ಎಂಬ ಸರಕಾರಿ ಸಂಹಿತೆಗಳ 1993ರ ಪುಸ್ತಕಗಳಲ್ಲಿ ಇದೆಲ್ಲ ಚಿತ್ರಸಹಿತ ಬರೆದಿದೆ. ಪುಸ್ತಕ ಕಪಾಟಿನಲ್ಲಿದೆ, ಕೀಲಿ ಯಾರ ಸೊಂಟದಲ್ಲಿದೆಯೋ!

ಅದೇ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ನೆರೆಯ ಕಿಲ್ಲಾರಿ ನೆಲಸಮವಾಯಿತು. ಮಣ್ಣಿನ ಗಾರೆಯ ದಪ್ಪ ಕಲ್ಲುಗೋಡೆಗಳು. ಒಳಮೈ ಹೊರಮೈಗಳನ್ನು ಹಿಡಿದಿಡುವ ಕಲ್ಲಿಲ್ಲದೆ ಎರಡಾಗಿ ಸೀಳಿದವು. ಮಲಗಿದ್ದ ಸಾವಿರಾರು ಜನ ಸತ್ತರು. ಆ ಹೊತ್ತಿಗೆ ಶಾಲೆಗಳು ಖಾಲಿಯಿದ್ದವು. ಮುಜಫರಾಬಾದ್ ಸೀಮೆಯ ಮಕ್ಕಳಿಗೆ ಆ ಪುಣ್ಯವೂ ಇರಲಿಲ್ಲ. 2005ರ ಅಕ್ಟೋಬರ್ 8, ಶನಿವಾರ ಬೆಳಗ್ಗೆ ತರಗತಿ ನಡೆದಿರುವಾಗಲೇ ನೆಲ ನಡುಗಿತು. ಸುಮಾರು 17,000 ಮಕ್ಕಳು ಹೋದರು.

ಗಡಿಯಾರದ ದಯೆಯಿಂದ ಮಕ್ಕಳನ್ನು ಸಾಕಲಾಗುತ್ತದೆಯೇ? 1933ರ ಮಾರ್ಚ್ 10ರಂದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚಿನಲ್ಲಿ ಭೂಕಂಪವಾಗಿ ಸುಮಾರು 70 ಶಾಲೆಗಳು ನಾಶವಾದವು. ಸಂಜೆ ಆರಕ್ಕೆ ಐದಾರು ನಿಮಿಷವಿತ್ತು, ಮಕ್ಕಳು ಮನೆಗೆ ಹೋಗಿದ್ದರು. ಅಲ್ಲಿಯ ಜನ ದೇವರಿಗೆ ಕೈಮುಗಿದು ಸುಮ್ಮನಾಗಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ 10ರಂದು, ಫೀಲ್ಡ್ ಕಾನೂನು ಬಂತು. ಶಾಲೆಯ ನಕ್ಷೆಯನ್ನು ರಾಜ್ಯವೇ ಪರಿಶೀಲಿಸಬೇಕು. ಕಂತ್ರಾಟುದಾರನ ಹಂಗಿಲ್ಲದ ಇನ್‌ಸ್ಪೆಕ್ಟರು ಕೆಲಸದುದ್ದಕ್ಕೂ ಸ್ಥಳದಲ್ಲಿರಬೇಕು. ನಕ್ಷೆಯಂತೆಯೇ ಕಟ್ಟಿದೆವೆಂದು ಎಂಜಿನಿಯರು, ಕಂತ್ರಾಟುದಾರ ಎಲ್ಲರೂ ಪ್ರಮಾಣ ಮಾಡಿ ಬರೆದುಕೊಡಬೇಕು. ಡಾಲರಿನ ನಾಡನ್ನು ಹೊಗಳುವ ಚಾಳಿ ನಮಗಿಲ್ಲ. ಆದರೂ ಧಣಿಗಳ ಆ ರಾಜ್ಯದಲ್ಲಿ ಒಂದು ತಿಂಗಳಲ್ಲಿ ಆದದ್ದು, ಸಮಾಜವಾದವನ್ನು ಸಂವಿಧಾನದಲ್ಲಿ ಬರೆದುಕೊಂಡ ನಮ್ಮಲ್ಲಿ ಏಕಾಗಬಾರದು?

ಶಾಲಾ ಕಟ್ಟಡಗಳು ಸುರಕ್ಷಿತವಾಗಿರಬೇಕೆಂದು ಸುಪ್ರೀಂ ಕೋರ್ಟು 2009ರಲ್ಲಿ ಆಜ್ಞೆ ಮಾಡಿತು. 2025ರ ಜುಲೈ 25ರಂದು ರಾಜಸ್ಥಾನದ ಪಿಪ್ಲೋದಿಯ ಸರಕಾರಿ ಶಾಲೆ ಮಕ್ಕಳ ಮೇಲೆ ಕುಸಿಯಿತು. ಭೂಮಿ ನಡುಗಿರಲಿಲ್ಲ. ಏಳು ಮಕ್ಕಳು ಸತ್ತರು. ಕಾನ್ವೆಂಟಿಗೆ ಕಾರಿನಲ್ಲಿ ಹೋಗುವ ಮಕ್ಕಳಲ್ಲ ಅವರು.

ಶಾಲೆಯ ಗೋಡೆಗೂ ಹೊರಗಿನವರ ಪರೀಕ್ಷೆ, ಪ್ರಮಾಣದ ರುಜು ಬೇಕೆಂದು ನಾವು ಒತ್ತಾಯಿಸುತ್ತೇವೆ. ಅದು ಬರುವ ತನಕ ಕೈಕಟ್ಟಿ ಕೂಡಬೇಕಿಲ್ಲ. 2005ರ ಮಾಹಿತಿ ಹಕ್ಕಿನ ಕಾನೂನು ಕಾಗದ ಕೇಳುವ ಹಕ್ಕನ್ನಷ್ಟೇ ಕೊಟ್ಟಿಲ್ಲ. ಸರಕಾರಿ ಕಾಮಗಾರಿಯನ್ನು ಕಣ್ಣಾರೆ ನೋಡುವ, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕನ್ನೂ ಕೊಟ್ಟಿದೆ. ನಿಮ್ಮ ಓಣಿಯ ಶಾಲೆಗೆ ಕೋಣೆ ಏಳುತ್ತಿದ್ದರೆ ಈಗಲೇ ಅರ್ಜಿ ಹಾಕಿ. ಅಂದಾಜುಪಟ್ಟಿ ಕೇಳಿ, ಗಾರೆಯ ಮಾದರಿ ಕೇಳಿ. ಗಿಲಾವು ಬಿದ್ದ ಮೇಲೆ ಒಳಗೆ ಸರಳಿದೆಯೋ ಇಲ್ಲವೋ ಯಾರಿಗೂ ಕಾಣದು. ಬರೆಯಲು ಬಾರದವರು ಸಂಜೆ ಪಾಳಿ ಬಿಟ್ಟ ಮೇಲೆ ಪಕ್ಷದ ಕಚೇರಿಗೆ ಬನ್ನಿ, ಬರೆದುಕೊಡುತ್ತೇವೆ.