ಯಾವ ಎಣ್ಣೆಗೆ ಪಥ್ಯ?

ಮನೆಯಲ್ಲಿ ಯಾರಿಗಾದರೂ ಕಾಮಾಲೆ ಬಂತೆಂದರೆ ಮೊದಲು ಬದಲಾಗುವುದು ಅಡುಗೆಮನೆ. ಒಗ್ಗರಣೆಗೆ ಎಣ್ಣೆ ನಿಲ್ಲುತ್ತದೆ. ಸಾರಿಗೆ ಅರಿಶಿನ ಬೀಳುವುದಿಲ್ಲ. ಹಳದಿ ರೋಗಕ್ಕೆ ಹಳದಿ ಪದಾರ್ಥ ಆಗದು ಎಂಬ ನಂಬಿಕೆ. ಗಂಜಿ, ಮಜ್ಜಿಗೆ, ಎಳನೀರು, ಬೇಯಿಸಿದ ತರಕಾರಿ ಇಷ್ಟೇ ಊಟ. ನೆಲನೆಲ್ಲಿ ಹುಡುಕಲು ಒಬ್ಬರು ಹೊಲದ ಕಡೆ ಹೊರಡುತ್ತಾರೆ. ಇವುಗಳಲ್ಲಿ ಎಲ್ಲಕ್ಕೂ ವೈದ್ಯಶಾಸ್ತ್ರದ ಬೆಂಬಲವಿಲ್ಲ. ಸಾರಿನ ಅರಿಶಿನಕ್ಕೂ ಕಣ್ಣಿನ ಹಳದಿಗೂ ಬಣ್ಣದ ಹೋಲಿಕೆ ಬಿಟ್ಟರೆ ನಂಟಿಲ್ಲ. ಹಸಿವು ಮರಳಿದ ಮೇಲೆ ಸಾಮಾನ್ಯ ಊಟ ಮಾಡಬಹುದೆಂದೇ ಇಂದಿನ ವೈದ್ಯರು ಹೇಳುತ್ತಾರೆ. ಆದರೂ ‘ಪಥ್ಯ’ ಎಂಬ ಮಾತಿಗೆ ನಮ್ಮಲ್ಲಿ ಒಂದು ತೂಕವಿದೆ. ಮದುವೆಮನೆಯ ಪಂಕ್ತಿಯಲ್ಲಿ ‘ಇನ್ನೊಂದು ಹೋಳಿಗೆ’ ಎಂದು ಎಲೆಯ ಮೇಲೆ ಬಗ್ಗುವವರು, ‘ಪಥ್ಯದಲ್ಲಿದ್ದೇನೆ’ ಎಂದರೆ ಮರುಮಾತಿಲ್ಲದೆ ಮುಂದಿನ ಎಲೆಗೆ ಹೋಗುತ್ತಾರೆ. ಯಾವ ಕಾಯಿಲೆ, ಎಷ್ಟು ದಿನ ಎಂದು ವಿಚಾರಣೆ ನಡೆಸುವುದಿಲ್ಲ.

ಇಂಥ ಪಥ್ಯ ಮುಗಿಸಿಕೊಂಡು ಒಬ್ಬ ಹುಡುಗ ಹಾಸ್ಟೆಲ್ಲಿಗೆ ಮರಳುತ್ತಾನೆ ಎಂದುಕೊಳ್ಳಿ. ಎಂಜಿನಿಯರಿಂಗಿನ ಕೊನೆಯ ವರ್ಷ. ಕಣ್ಣು ಬೆಳ್ಳಗಾಗಿದೆ, ಹಸಿವು ಬಂದಿದೆ, ಕಳೆದುಹೋದ ತೂಕವೂ ಸ್ವಲ್ಪ ಮರಳಿದೆ. ಅದೇ ವಾರ ಗೆಳೆಯನೊಬ್ಬನಿಗೆ ಕ್ಯಾಂಪಸ್ ಸೆಲೆಕ್ಷನ್ ಆಗುತ್ತದೆ, ಸಂಜೆ ಪಾರ್ಟಿ. ಅಲ್ಲಿ ಮೇಜಿನ ಮೇಲೆ ಬರುವುದಕ್ಕೂ ಇಂದಿನ ಹುಡುಗರ ಭಾಷೆಯಲ್ಲಿ ‘ಎಣ್ಣೆ’ ಎಂದೇ ಹೆಸರು. ಒಗ್ಗರಣೆಯ ಎಣ್ಣೆಯನ್ನು ಒಂದೂವರೆ ತಿಂಗಳು ಬಿಡಿಸಿದ ಮನೆಯವರು ಈ ಎಣ್ಣೆಯ ಮಾತನ್ನು ಎತ್ತಿಯೇ ಇರುವುದಿಲ್ಲ. ‘ನಮ್ಮ ಹುಡುಗ ಅಂಥವನಲ್ಲ’ ಎಂಬ ನಂಬಿಕೆ ಒಂದು. ಎತ್ತಿದರೆ ಇಲ್ಲದ್ದನ್ನು ತಲೆಗೆ ಹಾಕಿದಂತಾದೀತು ಎಂಬ ಅಂಜಿಕೆ ಇನ್ನೊಂದು. ವಾಸ್ತವವಾಗಿ ಕಾಮಾಲೆಯ ಬಳಿಕ ಕಟ್ಟುನಿಟ್ಟಾಗಿ ಬಿಡಬೇಕಾದ ಎಣ್ಣೆ ಇದೇ.

ಕಾರಣ ತಿಳಿಯಲು ಕಾಮಾಲೆಯನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು. ಅದು ರೋಗದ ಹೆಸರಲ್ಲ, ಒಂದು ಲಕ್ಷಣ. ರಕ್ತದ ಕೆಂಪು ಕಣಗಳ ಆಯುಸ್ಸು ಸುಮಾರು 120 ದಿನ. ಹಳೆಯ ಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಂಟಾಗುತ್ತದೆ. ಅದನ್ನು ಸಂಸ್ಕರಿಸಿ ಪಿತ್ತರಸದೊಂದಿಗೆ ಕರುಳಿಗೆ ಸಾಗಿಸುವ ಹೊಣೆ ಪಿತ್ತಜನಕಾಂಗದ್ದು. ದೊಡ್ಡವರಲ್ಲಿ ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗ ಕಾಯಿಲೆ ಬಿದ್ದರೆ ಬಿಲಿರುಬಿನ್ ರಕ್ತದಲ್ಲೇ ಉಳಿದು ಕಣ್ಣು, ಚರ್ಮಗಳಿಗೆ ಬಣ್ಣ ಹಚ್ಚುತ್ತದೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂದು ಗಾದೆ. ಆದರೆ ಸಾಮಾನ್ಯವಾಗಿ ರೋಗಿಗೆ ಲೋಕ ಹಳದಿಯಾಗಿ ಕಾಣುವುದಿಲ್ಲ. ಲೋಕಕ್ಕೆ ರೋಗಿ ಹಳದಿಯಾಗಿ ಕಾಣುತ್ತಾನೆ.

ವಿದ್ಯಾರ್ಥಿಗಳಲ್ಲಿ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಹೆಪಟೈಟಿಸ್ ‘ಎ’ ವೈರಸ್. ಕಲುಷಿತ ನೀರು, ಆಹಾರ, ರಸ್ತೆ ಬದಿಯ ಕಬ್ಬಿನ ಹಾಲಿಗೆ ಬೀಳುವ ಮಂಜುಗಡ್ಡೆ ಇವೆಲ್ಲ ಅದರ ದಾರಿಗಳು. ಒಳಹೊಕ್ಕು ಎರಡರಿಂದ ಏಳು ವಾರಗಳ ಬಳಿಕ ಕಾಯಿಲೆ ತಲೆದೋರುತ್ತದೆ. ಇಲ್ಲಿ ಒಂದು ವಿಚಿತ್ರವಿದೆ. ಆರು ವರ್ಷದೊಳಗಿನ ಮಕ್ಕಳಿಗೆ ಈ ಸೋಂಕು ತಗುಲಿದರೆ ಬಹುಪಾಲು ಮಕ್ಕಳಲ್ಲಿ ಲಕ್ಷಣವೇ ಕಾಣುವುದಿಲ್ಲ, ಆದರೆ ಜೀವನಪೂರ್ತಿ ರೋಗನಿರೋಧಕ ಶಕ್ತಿ ಉಳಿಯುತ್ತದೆ. ಹಿಂದಿನ ತಲೆಮಾರಿನವರು ಹೀಗೆ ಗೊತ್ತಿಲ್ಲದೆಯೇ ಪಾರಾದರು. ಶುದ್ಧ ನೀರು ಕುಡಿದು ಬೆಳೆದ ಇಂದಿನ ಎಷ್ಟೋ ಮಕ್ಕಳು ಈ ವೈರಸ್ಸನ್ನು ಮೊದಲ ಸಲ ಎದುರುಗೊಳ್ಳುವುದು ಹದಿನೆಂಟು, ಇಪ್ಪತ್ತರ ವಯಸ್ಸಿನಲ್ಲಿ, ಹಾಸ್ಟೆಲ್ಲಿನ ನೀರಿನ ತೊಟ್ಟಿಯ ಬಳಿ. ಆ ವಯಸ್ಸಿನಲ್ಲಿ ಅದು ಕಾಮಾಲೆಯಾಗಿಯೇ ಬರುವುದು ಹೆಚ್ಚು. ಗುಂಡು ಪಾರ್ಟಿಗಳು ಶುರುವಾಗುವ ವಯಸ್ಸೂ ಅದೇ ಆಗಿರುವುದು ಕಾಕತಾಳೀಯ, ಆದರೆ ಅನುಕೂಲಕರ ಕಾಕತಾಳೀಯವಲ್ಲ.

ಈಗ ‘ಕಣ್ಣು ಬೆಳ್ಳಗಾಗಿದೆಯಲ್ಲ’ ಎಂಬ ವಾದ. ಆರೋಗ್ಯವಂತರ ರಕ್ತದಲ್ಲಿ ಬಿಲಿರುಬಿನ್ 100 ಮಿಲಿಲೀಟರಿಗೆ ಸುಮಾರು ಒಂದು ಮಿಲಿಗ್ರಾಂವರೆಗೆ ಇರುತ್ತದೆ. ಅದು ಎರಡೂವರೆ, ಮೂರು ಮಿಲಿಗ್ರಾಂ ತಲಪಿದಾಗಲಷ್ಟೇ ಕಣ್ಣಿನ ಬಿಳಿಭಾಗದಲ್ಲಿ ಹಳದಿ ಕಾಣುತ್ತದೆ. ಅಂದರೆ ಇಳಿಯುವಾಗಲೂ ಎರಡಕ್ಕೆ ಬಂದ ಕೂಡಲೇ ಹಳದಿ ಮಾಯ, ಆದರೆ ರಕ್ತದಲ್ಲಿ ಇನ್ನೂ ಎರಡರಷ್ಟಿದೆ. ಕಣ್ಣು ಬಹಳ ಒರಟಾದ ಮಾಪಕ. ಇದರ ಜೊತೆಗೆ ಎಸ್‌ಜಿಪಿಟಿ ಎಂಬ ಕಿಣ್ವದ ಪರೀಕ್ಷೆ ಇದೆ. ಇದು ಪಿತ್ತಜನಕಾಂಗದ ಜೀವಕೋಶಗಳ ಒಳಗಿರಬೇಕಾದ ಕಿಣ್ವ. ಕೋಶಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುತ್ತದೆ. ಸಾಮಾನ್ಯವಾಗಿ ಲೀಟರಿಗೆ 40 ಯೂನಿಟ್ಟಿನ ಆಸುಪಾಸಿನೊಳಗೆ ಇರುವ ಈ ಅಂಕಿ ಕಾಯಿಲೆಯ ದಿನಗಳಲ್ಲಿ ಸಾವಿರ ದಾಟುವುದುಂಟು. ಹಳದಿ ಹೋದ ಮೇಲೂ ಅದು ನಿಧಾನವಾಗಿಯೇ ಇಳಿಯಬಹುದು. ಹೆಚ್ಚಿನವರು ಎರಡು ತಿಂಗಳಲ್ಲಿ ಚೇತರಿಸಿಕೊಳ್ಳುತ್ತಾರೆ ನಿಜ, ಆದರೆ ನೂರರಲ್ಲಿ ಹತ್ತು, ಹದಿನೈದು ಮಂದಿಗೆ ಕಾಯಿಲೆ ಎಳೆದಾಡುತ್ತದೆ, ಇಲ್ಲವೇ ಆರು ತಿಂಗಳೊಳಗೆ ಮರುಕಳಿಸುತ್ತದೆ. ಪಿತ್ತಜನಕಾಂಗದ ಒಳಭಾಗದಲ್ಲಿ ನೋವು ತಿಳಿಸುವ ನರಗಳಿಲ್ಲ. ಹಲ್ಲು, ಹೊಟ್ಟೆಗಳಂತೆ ಅದು ದೂರು ಹೇಳುವುದಿಲ್ಲ.

ಇಂಥ ಅಂಗಕ್ಕೆ ಮದ್ಯ ತಂದೊಡ್ಡುವ ಕೆಲಸ ಯಾವುದು? ಕುಡಿದ ಮದ್ಯಸಾರದ ಬಹುಪಾಲು ವಿಲೇವಾರಿ ಆಗಬೇಕಾದದ್ದು ಇಲ್ಲಿಯೇ. ಒಂದು ಕಿಣ್ವ ಅದನ್ನು ಅಸಿಟಾಲ್ಡಿಹೈಡ್ ಆಗಿಸುತ್ತದೆ. ಇನ್ನೊಂದು ಕಿಣ್ವ ಅಸಿಟಾಲ್ಡಿಹೈಡನ್ನು ಅಸಿಟೇಟ್ ಆಗಿಸುತ್ತದೆ. ನಡುವಿನ ಅಸಿಟಾಲ್ಡಿಹೈಡ್ ಮದ್ಯಸಾರಕ್ಕಿಂತ ಹೆಚ್ಚು ವಿಷಕಾರಿ. ಗಾಯಗೊಂಡು ಹೊಸ ಕೋಶಗಳನ್ನು ಕಟ್ಟಿಕೊಳ್ಳುತ್ತಿರುವ ಅಂಗದ ತಲೆಯ ಮೇಲೆ ಈ ಹೊರೆ ಹೊರಿಸಬಾರದು ಎಂಬುದೇ ವೈದ್ಯರ ಮಾತು. ಪರೀಕ್ಷೆಯ ಅಂಕಿಗಳು ಸರಿಹೋಗಿ, ಅವರು ಹೇಳಿದ ಅವಧಿ ಮುಗಿಯುವವರೆಗೆ ಒಂದು ಹನಿಯೂ ಬೇಡ. ಆ ಅವಧಿ ಕಾಯಿಲೆಯ ತೀವ್ರತೆಯನ್ನು ಅವಲಂಬಿಸಿ ಕೆಲವು ತಿಂಗಳು. ಕಾಮಾಲೆಗೆ ಕಾರಣ ಹೆಪಟೈಟಿಸ್ ‘ಬಿ’ ಅಥವಾ ‘ಸಿ’ ಆಗಿ, ಸೋಂಕು ದೀರ್ಘಕಾಲ ಉಳಿದರಂತೂ ಲೆಕ್ಕವೇ ಬೇರೆ. ಅವರು ಮದ್ಯದಿಂದ ಪೂರಾ ದೂರವಿರಬೇಕು.

‘ಬಿಯರ್ ಏನಲ್ಲ ಮಗಾ, ಬಾರ್ಲಿ ನೀರಿದ್ದಂಗೆ’ ಎನ್ನುವವರು ಪಾರ್ಟಿಗೊಬ್ಬರಂತೆ ಸಿಗುತ್ತಾರೆ. ವಿಜ್ಞಾನದ ವಿದ್ಯಾರ್ಥಿಗಳಾದರೂ ಇದನ್ನು ಲೆಕ್ಕ ಹಾಕಿ ನೋಡಬಹುದು. ದೊಡ್ಡ ಬಾಟಲಿಯಲ್ಲಿ 650 ಮಿಲಿಲೀಟರ್ ಬಿಯರ್. ಶೇಕಡಾ 5ರಷ್ಟು ಮದ್ಯಸಾರವೆಂದರೆ 32.5 ಮಿಲಿಲೀಟರ್. ಸಾಂದ್ರತೆ 0.79ರಿಂದ ಗುಣಿಸಿದರೆ ಸುಮಾರು 26 ಗ್ರಾಂ. 30 ಮಿಲಿಲೀಟರಿನ ಒಂದು ಸಣ್ಣ ಪೆಗ್ ವಿಸ್ಕಿಯಲ್ಲಿ, ಶೇಕಡಾ 42.8ರ ಲೆಕ್ಕದಲ್ಲಿ, ಸುಮಾರು 10 ಗ್ರಾಂ. ಹಾಗಾಗಿ ‘ಏನೂ ಅಲ್ಲದ’ ಒಂದು ಬಾಟಲಿ ಬಿಯರ್ ಎರಡೂವರೆ ಪೆಗ್ಗಿಗೆ ಸಮ. ಶೇಕಡಾ 8ರ ಸ್ಟ್ರಾಂಗ್ ಬಿಯರ್ ಆದರೆ ನಾಲ್ಕು ಪೆಗ್. ಆರೋಗ್ಯವಂತ ಪಿತ್ತಜನಕಾಂಗವೇ ಗಂಟೆಗೆ ಏಳೆಂಟು ಗ್ರಾಂ ಮದ್ಯಸಾರವನ್ನು ಕರಗಿಸಿಕೊಂಡರೆ ಹೆಚ್ಚು. ಮೊದಲೇ ಲಿವರ್ ಟಾನಿಕ್ ಕುಡಿದು ಹೋದರೆ ಆಯಿತು ಎಂಬ ಉಪಾಯ ಈ ಗುಣಾಕಾರದ ಯಾವ ಸಂಖ್ಯೆಯನ್ನೂ ಬದಲಿಸುವುದಿಲ್ಲ.

ಹಾಗೆಂದು ಒಂದು ಗುಟುಕಿಗೆ ಪ್ರಾಣ ಹೋಗುತ್ತದೆ ಎಂದು ಹೆದರಿಸುವುದೂ ತರವಲ್ಲ. ಹಾಗೆ ಹೆದರಿಸಿದ ಮಗ, ಕಾಮಾಲೆಯಾದ ಮೇಲೆ ಕುಡಿದೂ ಏನೂ ಆಗದ ಗೆಳೆಯನನ್ನು ಕಂಡ ದಿನ ಅಪ್ಪನ ಮಾತನ್ನೂ ವೈದ್ಯರ ಮಾತನ್ನೂ ಒಟ್ಟಿಗೆ ಬಿಡುತ್ತಾನೆ.

ತಿಳಿದ ಮೇಲೂ ಆ ಮೇಜಿನ ಮುಂದೆ ‘ಬೇಡ’ ಎನ್ನುವುದು ಸುಲಭವಲ್ಲ. ಹೋಳಿಗೆಯ ಪಂಕ್ತಿಯಲ್ಲಿ ನಡೆಯುವ ಮಾತು ಇಲ್ಲಿ ನಡೆಯುವುದಿಲ್ಲ. ‘ಒಂದೇ ಸಿಪ್’, ‘ನಮಗೋಸ್ಕರ’, ‘ಇಷ್ಟಕ್ಕೆಲ್ಲ ಹೆದರ್ತೀಯಾ?’ ಎಲ್ಲರೂ ಒಂದು ಕಡೆ, ಅವನೊಬ್ಬ ಒಂದು ಕಡೆ. ಕಾಯಿಲೆಯ ಹೆಸರು ಹೇಳಿದರೆ ಬೇರೆ ಪೇಚು: ಕಾಮಾಲೆ ಎಂದರೆ ‘ಮೊದಲೇ ಕುಡೀತಿದ್ದ, ಅದಕ್ಕೇ ಬಂದಿದೆ’ ಎಂದು ಊಹಿಸುವವರಿದ್ದಾರೆ. ಕ್ಷಯಕ್ಕೆ ಔಷಧಿ ತೆಗೆದುಕೊಳ್ಳುತ್ತಿರುವವರ ಪಾಡು ಇನ್ನೂ ಕಷ್ಟ. ಆರು ತಿಂಗಳ ಆ ಚಿಕಿತ್ಸೆಯ ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮೂರೂ ಪಿತ್ತಜನಕಾಂಗಕ್ಕೆ ಭಾರವಾಗಬಲ್ಲವು, ಮದ್ಯ ಸೇರಿದರೆ ಅಪಾಯ ಹೆಚ್ಚು. ಕೆಲವು ವಾರಗಳಲ್ಲೇ ಕೆಮ್ಮು ನಿಂತು ಮುಖದಲ್ಲಿ ಕಳೆ ಬಂದಿರುತ್ತದೆ; ಕಾಯಿಲೆಯ ಹೆಸರನ್ನಂತೂ ಬಾಯಿಬಿಟ್ಟು ಹೇಳಲು ಸಂಕೋಚ. ಆಗ ಕೆಲವರು ಮಾಡುವ ಜಾಣತನವೆಂದರೆ ಪಾರ್ಟಿಯ ದಿನ ಮಾತ್ರೆ ಬಿಟ್ಟು ಗ್ಲಾಸು ಹಿಡಿಯುವುದು. ಇದಕ್ಕಿಂತ ಕೆಟ್ಟ ಲೆಕ್ಕಾಚಾರ ಇನ್ನೊಂದಿಲ್ಲ. ಮಾತ್ರೆ ತಪ್ಪಿಸುತ್ತ ಹೋದರೆ ಕ್ಷಯದ ಬ್ಯಾಕ್ಟೀರಿಯ ಔಷಧಿಗೇ ಬಗ್ಗದಂತಾಗಬಹುದು.

ಗುಂಪಿನ ಎದುರು ಒಬ್ಬನೇ ನಿಲ್ಲುವುದು ಏಕೆ ಕಷ್ಟ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ 1950ರ ದಶಕದ ಆರಂಭದಲ್ಲಿ ಬಹಳ ಸರಳವಾದ ಪ್ರಯೋಗದಿಂದ ತೋರಿಸಿದರು. ಒಂದು ಕಾರ್ಡಿನಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು ಗೆರೆ. ಮೂರರಲ್ಲಿ ಯಾವುದು ಮೊದಲಿನದಕ್ಕೆ ಸಮ? ಚಿಕ್ಕ ಮಗುವೂ ಹೇಳಬಹುದಾದ ಪ್ರಶ್ನೆ. ಕೋಣೆಯಲ್ಲಿದ್ದ ಕಾಲೇಜು ವಿದ್ಯಾರ್ಥಿಗಳಲ್ಲಿ ಒಬ್ಬನ ಹೊರತು ಉಳಿದವರೆಲ್ಲ ಆಶ್ ಅವರ ಸೂಚನೆಯಂತೆ ಬೇಕೆಂದೇ ಒಂದೇ ತಪ್ಪು ಉತ್ತರ ಹೇಳುತ್ತಿದ್ದರು. ಏನೂ ತಿಳಿಯದ ಆ ಒಬ್ಬ, ತನ್ನ ಕಣ್ಣಿಗೆ ಕಾಣುತ್ತಿದ್ದುದನ್ನು ಬಿಟ್ಟು, ಸುಮಾರು ಮೂರನೇ ಒಂದು ಭಾಗದಷ್ಟು ಸಲ ಗುಂಪಿನ ತಪ್ಪನ್ನೇ ಒಪ್ಪಿಕೊಂಡ. ಯಾರೂ ಬೈಯಲಿಲ್ಲ, ಒತ್ತಾಯಿಸಲಿಲ್ಲ. ಬರೀ ಒಂಟಿತನ ಸಾಕಾಯಿತು. ಪ್ರಯೋಗದ ಸ್ವಾರಸ್ಯ ಅದರ ಎರಡನೆಯ ಭಾಗದಲ್ಲಿದೆ. ಗುಂಪಿನಲ್ಲಿ ಇನ್ನೊಬ್ಬನೇ ಒಬ್ಬ ಸರಿ ಉತ್ತರ ಹೇಳುವಂತೆ ಏರ್ಪಾಡು ಮಾಡಿದಾಗ, ಗುಂಪಿಗೆ ಮಣಿಯುವ ಪ್ರಮಾಣ ಮೊದಲಿನ ಕಾಲು ಭಾಗಕ್ಕೆ ಇಳಿಯಿತು.

ಹಾಗಾಗಿ ಚೇತರಿಸಿಕೊಳ್ಳುತ್ತಿರುವ ಹುಡುಗನಿಗೆ ಬೇಕಾದದ್ದು ಇಡೀ ಗುಂಪಿನ ಒಪ್ಪಿಗೆಯಲ್ಲ, ಒಬ್ಬ ಗೆಳೆಯ. ಪಾರ್ಟಿಗೆ ಹೊರಡುವ ಮೊದಲೇ ಒಬ್ಬನಿಗೆ ವಿಷಯ ತಿಳಿಸಿಟ್ಟರೆ, ಒತ್ತಾಯ ಶುರುವಾದಾಗ ‘ಅವನಿಗೆ ಬೇಡ ಬಿಡ್ರೋ, ನನಗೂ ಒಂದು ನಿಂಬೆ ಸೋಡ’ ಎನ್ನುವ ದನಿ ಬೇರೆಯವರದಾಗಿರುತ್ತದೆ. ರೂಮ್‌ಮೇಟುಗಳಲ್ಲಿ ಯಾರಿಗಾದರೂ ಇಂಥ ಪಥ್ಯವಿದೆಯೆಂದು ಗೊತ್ತಿರುವ ವಿದ್ಯಾರ್ಥಿ, ಕೇಳದೆಯೇ ಆ ಎರಡನೆಯವನಾಗಬಹುದು. ಉಳಿದದ್ದೆಲ್ಲ ಸಣ್ಣಪುಟ್ಟ ಜಾಣತನ. ಕುಳಿತ ಕೂಡಲೇ ಒಂದು ಗ್ಲಾಸು ತುಂಬಿಸಿಕೊಂಡರೆ ಖಾಲಿ ಗ್ಲಾಸಿಗೆ ಸುರಿಯಲು ಬರುವವರಿರುವುದಿಲ್ಲ. ತಮಾಷೆಗೆಂದು ಕೋಲಾದಲ್ಲಿ ಬೆರೆಸಿಕೊಡುವ ಮಹಾಶಯರೂ ಇರುವುದರಿಂದ ತನ್ನ ಬಾಟಲಿಯ ಮುಚ್ಚಳ ತಾನೇ ತೆಗೆಯುವುದು ಲೇಸು. ‘ಇನ್ನೂ ಬ್ಲಡ್ ಟೆಸ್ಟ್ ಬಾಕಿ ಇದೆ’ ಎಂಬುದು ಸುಳ್ಳೂ ಅಲ್ಲ, ಉದ್ದದ ವಿವರಣೆಯೂ ಅಲ್ಲ. ವಿವರಣೆ ಉದ್ದವಾದಷ್ಟೂ ವಾದಕ್ಕೆ ಜಾಗ ಸಿಗುತ್ತದೆ. ‘ನಾನ್-ಆಲ್ಕೊಹಾಲಿಕ್’ ಬಿಯರಿನ ಬಗ್ಗೆ ಒಂದು ಮಾತು: ಆ ಹೆಸರಿನ ಕೆಲವು ಪಾನೀಯಗಳಲ್ಲಿ ಶೇಕಡಾ 0.5ರವರೆಗೆ ಮದ್ಯಸಾರ ಇರಬಹುದು, ಚೀಟಿ ಓದಬೇಕು.

ತಂದೆತಾಯಿಯರ ಪಾಲಿನ ಕೆಲಸ ಬಹುಶಃ ಇದಕ್ಕಿಂತ ಕಠಿಣ. ವೈದ್ಯರ ಕೋಣೆಯಲ್ಲಿ ಸಾಮಾನ್ಯವಾಗಿ ನಡೆಯುವುದೇನು? ‘ಕುಡಿಯುವ ಅಭ್ಯಾಸ ಇದೆಯೇ?’ ಎಂದು ವೈದ್ಯರು ಕೇಳುತ್ತಾರೆ. ಪಕ್ಕದ ಕುರ್ಚಿಯಲ್ಲಿ ಅಪ್ಪ. ಹುಡುಗ ‘ಇಲ್ಲ’ ಎನ್ನುತ್ತಾನೆ. ಅವನು ಉತ್ತರಿಸುವ ಮುನ್ನ ಅಮ್ಮನೇ ‘ಛೆ, ಎಲ್ಲಾದರೂ ಉಂಟೇ ಡಾಕ್ಟ್ರೇ’ ಎಂದುಬಿಡುವುದೂ ಉಂಟು. ಅಲ್ಲಿಗೆ ಆ ವಿಷಯ ಮುಗಿಯಿತು. ಎಷ್ಟು ತಿಂಗಳು ಬಿಡಬೇಕು, ಪಾರ್ಟಿಯ ಮರುದಿನ ತಲೆನೋವೆಂದು ಪ್ಯಾರಾಸಿಟಮಾಲ್ ನುಂಗಬಹುದೇ, ಊರಿನಿಂದ ತಂದ ಕಷಾಯ ಮುಂದುವರಿಸಬಹುದೇ ಎಂಬ ಪ್ರಶ್ನೆಗಳು ಯಾವುವೂ ಹೊರಬರುವುದಿಲ್ಲ. ಪ್ಯಾರಾಸಿಟಮಾಲನ್ನು ಕರಗಿಸುವ ಕೆಲಸವೂ ಅದೇ ಅಂಗದ್ದು, ಪ್ರಮಾಣ ಮೀರಿದರೆ ಅದೂ ಅಲ್ಲಿ ವಿಷವಾಗುತ್ತದೆ ಎಂಬುದು ಅನೇಕರಿಗೆ ಗೊತ್ತೇ ಇಲ್ಲ. ಇಪ್ಪತ್ತು ದಾಟಿದ ಮಗನನ್ನೋ ಮಗಳನ್ನೋ ಐದು ನಿಮಿಷ ವೈದ್ಯರೊಂದಿಗೆ ಒಂಟಿಯಾಗಿ ಬಿಟ್ಟು ಹೊರಗೆ ಬೆಂಚಿನ ಮೇಲೆ ಕುಳಿತರೆ ಈ ಎಲ್ಲಕ್ಕೂ ಉತ್ತರ ಸಿಕ್ಕೀತು. ಹೊರಬಂದ ಮೇಲೆ ‘ಏನು ಕೇಳಿದರು?’ ಎಂದು ಕೆದಕಬಾರದು, ಅಷ್ಟೇ.

ಆ ಐದು ನಿಮಿಷದಲ್ಲಿ ಹುಡುಗ ಕೇಳಿ ಬರೆಸಿಕೊಳ್ಳಬೇಕಾದದ್ದು ಎರಡು: ಮುಂದಿನ ರಕ್ತಪರೀಕ್ಷೆ ಯಾವ ತಾರೀಖಿಗೆ, ಮದ್ಯ ಎಲ್ಲಿಯವರೆಗೆ ಕೂಡದು. ಔಷಧಿ ಚೀಟಿಯಲ್ಲೇ ಬರೆದುಕೊಡಿ ಎಂದರೆ ವೈದ್ಯರು ಬೇಡವೆನ್ನುವುದಿಲ್ಲ. ಅದರ ಫೋಟೊ ಮೊಬೈಲಿನಲ್ಲಿದ್ದರೆ, ‘ಪಥ್ಯ’ ಎಂಬ ಮಾತು ನಡೆಯದ ಮೇಜಿನಲ್ಲಿ ಸುಮ್ಮನೆ ತೋರಿಸಲೂಬಹುದು.