ಗಾಂಜಾ ಔಷಧ: ಮಿಲಿಗ್ರಾಂ ಅರಿಯದ ಕಾನೂನು

ಗಾಂಜಾ ಸಂಜೀವಿನಿಯೋ ಸಮಾಜಕಂಟಕವೋ ಎಂಬ ವಾಗ್ವಾದ ನಮ್ಮಲ್ಲಿ ಆಗಾಗ ಕಾವೇರುತ್ತದೆ. ಪರ ವಿರೋಧ ಎರಡೂ ಪಕ್ಷದವರು ಅದನ್ನು ಒಂದೇ ಗುಣದ ವಸ್ತುವೆಂದು ಭಾವಿಸಿಯೇ ಮಾತನಾಡುತ್ತಾರೆ. ಆದರೆ ಅದರಲ್ಲಿರುವ ಟಿಎಚ್‌ಸಿ ಎಂಬ ರಾಸಾಯನಿಕ, ಅಂದರೆ ಅಮಲನ್ನೂ ತರುವ, ನೋವನ್ನೂ ತಗ್ಗಿಸಬಲ್ಲ ಅಂಶ, ಸೇದಿದಾಗ ಒಂದು ಬಗೆಯಲ್ಲಿ, ನುಂಗಿದಾಗ ಮತ್ತೊಂದು ಬಗೆಯಲ್ಲಿ ಕೆಲಸ ಮಾಡುತ್ತದೆ. ನರವೇದನೆಯಿಂದ ಬಳಲುವವರಿಗೆ ಈ ವ್ಯತ್ಯಾಸ ತಿಳಿದಿರಬೇಕು. ನಮ್ಮ ಕಾನೂನಿಗೂ ತಿಳಿದಿರಬೇಕು ಎಂಬುದು ನನ್ನ ವಾದ.

ಇದು ಬೆರಳೆಣಿಕೆಯ ಜನರ ಸಮಸ್ಯೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಅಧ್ಯಯನವೊಂದು 2023ರಲ್ಲಿ ದೇಶದ ಮಧುಮೇಹಿಗಳ ಸಂಖ್ಯೆಯನ್ನು 10.1 ಕೋಟಿ ಎಂದು ಅಂದಾಜಿಸಿತು. ದೀರ್ಘಕಾಲದ ಮಧುಮೇಹ ಪಾದದ ನರಗಳನ್ನು ಹಾಳುಗೆಡವಿದಾಗ ಅನೇಕರಿಗೆ ರಾತ್ರಿಯಾಗುತ್ತಲೇ ಅಂಗಾಲು ಕೆಂಡ ತುಳಿದಂತೆ ಉರಿಯುತ್ತದೆ. ಅಮಿಟ್ರಿಪ್ಟಿಲಿನ್, ಡುಲಾಕ್ಸೆಟಿನ್, ಪ್ರಿಗಾಬಲಿನ್‌ಗಳಿಂದ ಎಲ್ಲರಿಗೂ ಉಪಶಮನ ದೊರೆಯುವುದಿಲ್ಲ. ನಿದ್ದೆಗೆಟ್ಟವರು ಬೇರೆ ದಾರಿ ಹುಡುಕುವುದು ಸಹಜ.

ಉಸಿರಿನ ಮೂಲಕ ಒಳಹೋದ ಗಾಂಜಾ ಕೆಲವೇ ನಿಮಿಷಗಳಲ್ಲಿ ರಕ್ತ ಸೇರುತ್ತದೆ, ಎರಡು-ಮೂರು ಗಂಟೆಗಳಲ್ಲಿ ಅದರ ಪ್ರಭಾವ ಇಳಿಯುತ್ತದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ, 23 ರೋಗಿಗಳ ಮೇಲಿನ ಅಧ್ಯಯನದಲ್ಲಿ ಹತ್ತು ಅಂಕಗಳ ಅಳತೆಯಲ್ಲಿ ಸರಾಸರಿ ನೋವು ಹುಸಿ ಔಷಧ ಸೇದಿದಾಗ 6.1 ಇದ್ದದ್ದು ಗಾಂಜಾ ಸೇದಿದಾಗ 5.4ಕ್ಕೆ ಇಳಿದಿತ್ತು. ಲಾಭವಿದೆ, ಪವಾಡವಿಲ್ಲ. ಜೊತೆಗೆ ಹೊಗೆಯ ಟಾರು, ಇಂಗಾಲದ ಮಾನಾಕ್ಸೈಡು ಶ್ವಾಸಕೋಶಕ್ಕೆ ಉಚಿತ. ಸುಡದೆ, ಬರಿಯ ಕಾವಿನಿಂದ ಆವಿಯೆಬ್ಬಿಸುವ ವೇಪರೈಸರ್ ಈ ದೋಷವನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ಹಾಗೆಂದು ಆವಿಯೆಲ್ಲ ನಿರಪಾಯಕಾರಿಯಲ್ಲ. 2019ರಲ್ಲಿ ಅಮೆರಿಕದಲ್ಲಿ ಕಳ್ಳಪೇಟೆಯ ಎಣ್ಣೆ ತುಂಬಿದ ವೇಪ್‌ಗಳಿಂದ ಹಬ್ಬಿದ ಶ್ವಾಸಕೋಶದ ಹಾನಿಗೆ 2020ರ ಫೆಬ್ರುವರಿ ವೇಳೆಗೆ 68 ಮಂದಿ ಬಲಿಯಾಗಿದ್ದರು.

ನುಂಗುವ ಎಣ್ಣೆ, ಮಾತ್ರೆಗಳ ದಾರಿ ಬೇರೆ. ಪರಿಣಾಮ ಕಾಣಿಸಲು ಒಂದರಿಂದ ಮೂರು ಗಂಟೆ ಬೇಕು, ಆದರೆ ಅದು ದೀರ್ಘಕಾಲ ಉಳಿಯುತ್ತದೆ. ರಾತ್ರಿಯಿಡೀ ಕಾಡುವ ಉರಿಗೆ ಇದು ಹೊಂದುವಂತೆ ತೋರಿದರೂ ಅಪಾಯವಿರುವುದು ಇಲ್ಲಿಯೇ. ಯಕೃತ್ತು ಟಿಎಚ್‌ಸಿಯನ್ನು ಅಮಲೇರಿಸುವ ಇನ್ನೊಂದು ರೂಪಕ್ಕೆ ಪರಿವರ್ತಿಸುತ್ತದೆ. ರಕ್ತಕ್ಕೆ ಸೇರುವ ಪಾಲು ವ್ಯಕ್ತಿಯಿಂದ ವ್ಯಕ್ತಿಗೆ, ಖಾಲಿ ಹೊಟ್ಟೆಯಿಂದ ತುಂಬಿದ ಹೊಟ್ಟೆಗೆ ಬದಲಾಗುತ್ತದೆ. ಏನೂ ಆಗಲಿಲ್ಲವೆಂದು ಇನ್ನಷ್ಟು ನುಂಗಿದವರು ಎರಡು ಗಂಟೆಯ ಬಳಿಕ ತಲೆಸುತ್ತಿ ಬೀಳಬಹುದು. ವಯಸ್ಸಾದವರಿಗೆ ಇಂಥ ಒಂದು ಬೀಳುವಿಕೆ ಸೊಂಟದ ಮೂಳೆ ಮುರಿಯಲು ಸಾಕು.

ಈ ಎರಡರ ನಡುವಿನದು ಬಾಯಿಯೊಳಗೆ ಸಿಂಪಡಿಸುವ ಸ್ಯಾಟಿವೆಕ್ಸ್. ಪ್ರತಿ ಸಿಂಪಡಿಕೆಯಲ್ಲಿ 2.7 ಮಿಲಿಗ್ರಾಂ ಟಿಎಚ್‌ಸಿ, ಅಮಲೇರಿಸದ ಸಿಬಿಡಿ 2.5 ಮಿಲಿಗ್ರಾಂ. ಮಲ್ಟಿಪಲ್ ಸ್ಕ್ಲಿರೋಸಿಸ್ ರೋಗಿಗಳ ನರವೇದನೆಗೆ ಕೆನಡಾ 2005ರಲ್ಲಿ ಇದಕ್ಕೆ ಷರತ್ತಿನ ಅನುಮತಿ ನೀಡಿತು. ಇದರ ಹಿರಿಮೆ ಶಕ್ತಿಯಲ್ಲಿಲ್ಲ, ಅಳತೆಯಲ್ಲಿದೆ. ಎಷ್ಟು ತೆಗೆದುಕೊಂಡೆ ಎಂಬುದು ರೋಗಿಗೂ ವೈದ್ಯರಿಗೂ ಗೊತ್ತಿರುತ್ತದೆ.

ಯಾವ ದಾರಿ ಹಿಡಿದರೂ ನಿರೀಕ್ಷೆಗೆ ಮಿತಿಯಿರಲಿ. 16 ಅಧ್ಯಯನಗಳನ್ನು, 1,750 ರೋಗಿಗಳನ್ನು ಪರಿಶೀಲಿಸಿದ 2018ರ ಕಾಕ್ರೇನ್ ವಿಮರ್ಶೆಯ ಪ್ರಕಾರ ನೋವು ಅರ್ಧಕ್ಕಿಳಿದದ್ದು ಗಾಂಜಾ ಔಷಧ ಪಡೆದ ಶೇ 21ರಷ್ಟು ಮಂದಿಗೆ, ಹುಸಿ ಔಷಧ ಪಡೆದ ಶೇ 17ರಷ್ಟು ಮಂದಿಗೆ. ತಲೆಸುತ್ತು, ಮಂಪರಿನಂಥ ನರಸಂಬಂಧಿ ತೊಂದರೆಗಳು ಮಾತ್ರ ಶೇ 61 ಮತ್ತು ಶೇ 29. ಬ್ರಿಟನ್ನಿನ ಮಾರ್ಗದರ್ಶಿ ಸಂಸ್ಥೆ ನೈಸ್ 2019ರಲ್ಲಿ ದೀರ್ಘಕಾಲದ ನೋವಿಗೆ ಟಿಎಚ್‌ಸಿ ಔಷಧಗಳನ್ನು ನೀಡಬಾರದೆಂದು ಹೇಳಿದ್ದು ಅಕಾರಣವಲ್ಲ.

ಈಗ ನಮ್ಮ ಕಾನೂನಿನತ್ತ ನೋಡೋಣ. 1985ರ ಮಾದಕ ವಸ್ತು ಕಾಯ್ದೆಯ ಪ್ರಕಾರ ಗಿಡದ ಹೂ-ಕಾಯಿ ಬಿಟ್ಟ ತುದಿ ಗಾಂಜಾ. ತುದಿಯಿಂದ ಬೇರ್ಪಟ್ಟ ಎಲೆ ಗಾಂಜಾ ಅಲ್ಲ. 2022ರಲ್ಲಿ ಜಾಮೀನು ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಭಂಗಿ ಈ ಕಾಯ್ದೆಯ ವ್ಯಾಪ್ತಿಗೆ ಬಾರದೆಂದಿತು. ಎಲೆಯಲ್ಲೂ ಟಿಎಚ್‌ಸಿ ಇದೆ, ಭಂಗಿ ಹೊಟ್ಟೆಯ ಮೂಲಕವೇ ಸಾಗುತ್ತದೆ. ಅಂದರೆ ಕಾನೂನು ಸಡಿಲ ಬಿಟ್ಟಿರುವುದು ಪರಿಣಾಮವನ್ನು ಊಹಿಸಲು ಅತಿ ಕಷ್ಟವಾದ ದಾರಿಯನ್ನೇ! ಆಯುರ್ವೇದದಲ್ಲಿ ‘ವಿಜಯಾ’ ಎನಿಸಿಕೊಂಡ ಇದೇ ಸಸ್ಯದ ಎಣ್ಣೆಗಳು ಇಂದು ಮನೆಬಾಗಿಲಿಗೆ ಬರುತ್ತಿವೆ. ನನ್ನ ಬಂಧುವೊಬ್ಬರು ತರಿಸಿಕೊಂಡ ಸೀಸೆಯ ಮೇಲೆ ದಿನಕ್ಕೆಷ್ಟು ಹನಿ ಎಂದಿತ್ತು. ಹನಿಯಲ್ಲಿ ಟಿಎಚ್‌ಸಿ ಎಷ್ಟು ಮಿಲಿಗ್ರಾಂ ಎಂದಿರಲಿಲ್ಲ. ಅವರು ಅದಾಗಲೇ ಮಂಪರು ತರುವ ಪ್ರಿಗಾಬಲಿನ್ ಸೇವಿಸುತ್ತಿದ್ದರು.

ನಿಷೇಧವೂ ಮುಕ್ತದ್ವಾರವೂ ಇದಕ್ಕೆ ಉತ್ತರವಲ್ಲ. ಮಾರ್ಫಿನ್ ವಿಷಯದಲ್ಲಿ ನಾವು ಇಂಥ ವಿವೇಕ ತೋರಿದ್ದೇವೆ. 2014ರ ತಿದ್ದುಪಡಿ ‘ಅಗತ್ಯ ಮಾದಕ ಔಷಧ’ ಎಂಬ ವರ್ಗವನ್ನೇ ಸೃಷ್ಟಿಸಿ, ಹಲವು ಪರವಾನಗಿಗಳ ತೊಡಕನ್ನು ನಿವಾರಿಸಿ, ಕ್ಯಾನ್ಸರ್ ರೋಗಿಗಳ ನೋವಿಗೆ ಮನ್ನಣೆ ಕೊಟ್ಟಿತು. ಅದೇ ಮಾದರಿಯಲ್ಲಿ ವಿಜಯಾ ಉತ್ಪನ್ನಗಳ ಪ್ರತಿ ಸೀಸೆಯ ಮೇಲೂ ಟಿಎಚ್‌ಸಿ, ಸಿಬಿಡಿ ಪ್ರಮಾಣವನ್ನು ಮಿಲಿಗ್ರಾಂನಲ್ಲಿ ನಮೂದಿಸುವುದು ಕಡ್ಡಾಯವಾಗಲಿ. ನಿಮ್ಹಾನ್ಸ್‌ನಂಥ ಸಂಸ್ಥೆಗಳು ಎಣ್ಣೆಯನ್ನೂ ಸಿಂಪಡಿಕೆಯನ್ನೂ ಮುಖಾಮುಖಿಯಾಗಿಸಿ ನಮ್ಮ ರೋಗಿಗಳಲ್ಲೇ ಪರೀಕ್ಷಿಸಲಿ. ಗಿಡದ ಯಾವ ಭಾಗ ಎಂದು ಕಾನೂನು ಕೇಳುತ್ತದೆ. ಎಷ್ಟು ಮತ್ತು ಯಾವ ದಾರಿಯಲ್ಲಿ ಎಂಬುದಷ್ಟೇ ನರಕ್ಕೆ ಗೊತ್ತು.